ಹುಡುಗಿಯರ ಬೆಂಚಿನಲ್ಲಿ ಕೂರಿಸುವ ಶಿಕ್ಷೆ

ನಾವು ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಗಲಾಟೆ ಮಾಡುವ ಹುಡುಗನಿಗೆ ಬೆತ್ತದ ಏಟಿಗಿಂತಲೂ ಹೆಚ್ಚು ಹೆದರಿಕೆ ಹುಟ್ಟಿಸುವ ಶಿಕ್ಷೆಯೊಂದಿತ್ತು. ಅದು ಹುಡುಗಿಯರ ಬೆಂಚಿನಲ್ಲಿ ಹೋಗಿ ಕೂರುವುದು. ಏಟಿನ ಉರಿ ಹತ್ತು ನಿಮಿಷಕ್ಕೆ ಆರುತ್ತಿತ್ತು. ಇದು ಮಾತ್ರ ವಾರಗಟ್ಟಲೆ ಅಂಟಿಕೊಳ್ಳುತ್ತಿತ್ತು. ಇಡೀ ತರಗತಿ ನಗುತ್ತಿತ್ತು, ಮೇಷ್ಟ್ರೂ ನಗುತ್ತಿದ್ದರು. ಹಾಗೆ ಕೂತ ಹುಡುಗ ತಲೆ ತಗ್ಗಿಸಿ ಅಳುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ಆದರೆ ಆ ಬೆಂಚಿನಲ್ಲಿ ಮೊದಲೇ ಕೂತಿದ್ದ ಹುಡುಗಿಯರ ಮುಖ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ತಮ್ಮ ಪಕ್ಕದ ಜಾಗವೇ ಒಂದು ಶಿಕ್ಷೆ ಎಂಬುದನ್ನು ಕಣ್ಣೆದುರೇ ನೋಡುತ್ತಿದ್ದ ಅವರಿಗೆ ಏನನಿಸುತ್ತಿತ್ತು ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಈ ಹಳೆಯ ಸಂಗತಿ ಮತ್ತೆ ನೆನಪಾದದ್ದು ಬ್ರಿಟನ್ನಿನ ‘ಅಡೊಲೆಸೆನ್ಸ್’ ಎಂಬ ಸರಣಿಯನ್ನು ನೋಡುವಾಗ. ಹೆಸರಿನ ಅರ್ಥ ಹದಿಹರೆಯ. ಜ್ಯಾಕ್ ಥಾರ್ನ್ ಮತ್ತು ನಟ ಸ್ಟೀಫನ್ ಗ್ರಹಾಂ ಸೇರಿ ಬರೆದು, ಫಿಲಿಪ್ ಬ್ಯಾರಂಟಿನಿ ನಿರ್ದೇಶಿಸಿದ ನಾಲ್ಕೇ ಕಂತುಗಳ ಈ ಸರಣಿ 2025ರ ಮಾರ್ಚ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಜಗತ್ತಿನಾದ್ಯಂತ ಇದರ ಬಗ್ಗೆ ಮಾತುಕತೆ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹುಡುಗನ ಪಾತ್ರ ವಹಿಸಿದ ಓವನ್ ಕೂಪರ್‌ಗೆ 15ನೆಯ ವಯಸ್ಸಿನಲ್ಲೇ ಎಮ್ಮಿ ಪ್ರಶಸ್ತಿ ಸಿಕ್ಕಿತು. ಅದು ಅವನ ಮೊದಲ ಪಾತ್ರ ಎಂದರೆ ನಂಬುವುದು ಕಷ್ಟ. ಇಷ್ಟೆಲ್ಲ ಮೆಚ್ಚುಗೆ ಪಡೆದ ಕೃತಿಯನ್ನು ಮತ್ತೊಮ್ಮೆ ಮೆಚ್ಚುವುದಷ್ಟೇ ಈ ಬರಹದ ಉದ್ದೇಶವಲ್ಲ. ಅದು ಏನನ್ನು ಕಂಡಿದೆ, ಏನನ್ನು ಕಾಣದೆ ಬಿಟ್ಟಿದೆ, ಆ ಕಾಣದಿರುವಿಕೆ ನಮ್ಮದೂ ಹೇಗೆ ಆಗಿದೆ ಎಂದು ನೋಡುವುದು ಅಗತ್ಯ ಎಂದು ನಮಗೆ ತೋರುತ್ತದೆ.

ಕತೆ ಹೀಗಿದೆ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರು. ಬೆಳಗಿನ ಜಾವ ಪೊಲೀಸರು ಮನೆಯೊಂದರ ಬಾಗಿಲು ಮುರಿದು ಒಳನುಗ್ಗುತ್ತಾರೆ. ಹಾಸಿಗೆಯಲ್ಲಿದ್ದ 13 ವರ್ಷದ ಜೇಮಿ ಮಿಲ್ಲರ್ ಹೆದರಿ ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಅವನ ಮೇಲಿರುವ ಆರೋಪ, ಸಹಪಾಠಿ ಕೇಟಿಯನ್ನು ಚಾಕುವಿನಿಂದ ಇರಿದು ಕೊಂದದ್ದು. ಅಪ್ಪ ಪ್ಲಂಬರ್. ಅಮ್ಮ, ಅಕ್ಕ ಇದ್ದಾರೆ. ಕುಡಿತವಿಲ್ಲ, ಹೊಡೆತವಿಲ್ಲ, ಅತ್ತ ಸಿರಿತನವೂ ಇಲ್ಲ ಇತ್ತ ಹಸಿವೂ ಇಲ್ಲ. ‘ನಾನಲ್ಲ, ನಾನಲ್ಲ’ ಎನ್ನುವ ಮಗನನ್ನು ಅಪ್ಪ ನಂಬುತ್ತಾನೆ, ನೋಡುವ ನಾವೂ ನಂಬುತ್ತೇವೆ. ಮೊದಲ ಕಂತಿನ ಕೊನೆಯಲ್ಲಿ ಸಿಸಿ ಟಿವಿಯ ದೃಶ್ಯವನ್ನು ಮೇಜಿನ ಮೇಲೆ ಇಟ್ಟಾಗ ಅಪ್ಪನ ಜೊತೆ ನಮ್ಮ ನಂಬಿಕೆಯೂ ಕುಸಿಯುತ್ತದೆ. ಕೊಂದವನು ಯಾರು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಉಳಿದ ಮೂರು ಕಂತು ಕೇಳುವುದು ಯಾಕೆ ಎಂಬ ಪ್ರಶ್ನೆಯನ್ನು.

ಪ್ರತಿ ಕಂತನ್ನೂ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿದ್ದಾರೆ. ಇದು ಕ್ಯಾಮೆರಾದ ಕಸರತ್ತು ಮಾತ್ರವಲ್ಲ. ಸಾಮಾನ್ಯವಾಗಿ ಸಿನಿಮಾದಲ್ಲಿ ಸಂಕಟದ ಗಳಿಗೆ ಬಂದಾಗ ದೃಶ್ಯ ಬದಲಾಗಿ ನಮಗೆ ಉಸಿರಾಡಲು ಅವಕಾಶ ಸಿಗುತ್ತದೆ. ಇಲ್ಲಿ ಅದು ಇಲ್ಲ. ಠಾಣೆಯಲ್ಲಿ ಮಗನ ಮೈ ತಪಾಸಣೆ ನಡೆಯುವಾಗ ಅಪ್ಪ ಕೋಣೆ ಬಿಟ್ಟು ಹೋಗುವಂತಿಲ್ಲ, ನಾವೂ ಹೋಗುವಂತಿಲ್ಲ. ಮಕ್ಕಳ ವಿಷಯದಲ್ಲಿ ಹಿರಿಯರು ತಪ್ಪಿಸಿಕೊಳ್ಳುವುದರಲ್ಲಿ ನಿಪುಣರು. ಆ ದಾರಿಯನ್ನು ಮುಚ್ಚಿರುವುದೇ ಈ ಸರಣಿಯ ದೊಡ್ಡ ಸಾಧನೆ.

ಎರಡನೆಯ ಕಂತಿನಲ್ಲಿ ಪೊಲೀಸರು ಶಾಲೆಗೆ ಹೋಗುತ್ತಾರೆ. ತನಿಖಾಧಿಕಾರಿಗೆ ಕೇಟಿ ಜೇಮಿಯ ಚಿತ್ರಗಳ ಕೆಳಗೆ ಹಾಕಿದ್ದ ಎಮೋಜಿಗಳು ಸ್ನೇಹದ ಗುರುತಿನಂತೆ ಕಂಡಿದ್ದವು. ಅದೇ ಶಾಲೆಯಲ್ಲಿ ಓದುವ ಅವನ ಸ್ವಂತ ಮಗ ಅಪ್ಪನನ್ನು ಪಕ್ಕಕ್ಕೆ ಕರೆದು, ನಾಚಿಕೆಯಿಂದಲೇ ಅರ್ಥ ಬಿಡಿಸಿ ಹೇಳುತ್ತಾನೆ. ಅದು ಸ್ನೇಹವಲ್ಲ, ಹಂಗಿಸುವಿಕೆ. ಜೇಮಿಯನ್ನು ಅವಳು ‘ಇನ್ಸೆಲ್’ ಎಂದು ಕರೆದಿದ್ದಾಳೆ. ಹೆಣ್ಣಿನ ಸಂಗ ಬಯಸಿಯೂ ಯಾರಿಗೂ ಬೇಡವಾಗಿ ಉಳಿದ ಗಂಡು ಎಂಬುದು ಆ ಪದದ ಅರ್ಥ. ಹಾಗೆ ಉಳಿದ ಗಂಡಸರು ಅಂತರ್ಜಾಲದಲ್ಲಿ ಗುಂಪು ಕಟ್ಟಿಕೊಂಡು, ತಮ್ಮ ಸೋಲಿಗೆಲ್ಲ ಹೆಣ್ಣೇ ಕಾರಣ ಎಂಬ ಸಿದ್ಧಾಂತವನ್ನೇ ಕಟ್ಟಿದ್ದಾರೆ. ಶೇಕಡಾ 80ರಷ್ಟು ಹೆಂಗಸರು ಶೇಕಡಾ 20ರಷ್ಟು ಗಂಡಸರನ್ನು ಮಾತ್ರ ಬಯಸುತ್ತಾರೆ ಎಂಬುದು ಅವರ ಲೆಕ್ಕ. ಹದಿಮೂರು ವರ್ಷದ ಮಕ್ಕಳು ಈ ಲೆಕ್ಕವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದಾರೆ. ಅಪ್ಪಂದಿರಿಗೆ ಮಾತ್ರ ಗೊತ್ತಿಲ್ಲ.

ಆ ಶಾಲೆಯ ಚಿತ್ರಣವೂ ಗಮನಿಸಬೇಕಾದದ್ದು. ಯಾವ ತರಗತಿಗೆ ಹೋದರೂ ಗಲಾಟೆ, ಮೇಷ್ಟ್ರುಗಳಿಗೆ ಸುಸ್ತು. ಮಕ್ಕಳನ್ನು ಸುಮ್ಮನಿರಿಸಲು ವಿಡಿಯೋ ಹಾಕಿ ಕೂರಿಸಿದ್ದಾರೆ. ಇಲ್ಲಿ ಯಾರಾದರೂ ಏನಾದರೂ ಕಲಿಯುತ್ತಿದ್ದಾರೆಯೇ ಎಂದು ತನಿಖಾಧಿಕಾರಿಯೇ ಬೇಸರಪಡುತ್ತಾನೆ. ಕೇಟಿಯ ಆಪ್ತ ಗೆಳತಿ ಜೇಡ್ ದುಃಖದಿಂದ ಸಿಡಿದು ಜೇಮಿಯ ಗೆಳೆಯನ ಮೇಲೆ ಎರಗಿದಾಗ ಅವಳನ್ನು ಸಂಭಾಳಿಸುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲ. ಗೆಳತಿ ಸತ್ತ ಹುಡುಗಿಯನ್ನು ಶಾಲೆ ಒಂದು ಶಿಸ್ತಿನ ಸಮಸ್ಯೆಯಾಗಿ ನೋಡುತ್ತದೆ.

ಮೂರನೆಯ ಕಂತು ಈ ಸರಣಿಯ ಜೀವ. ಒಂದು ಕೋಣೆ, ಒಂದು ಮೇಜು, ಬಂಧನದಲ್ಲಿರುವ ಹುಡುಗ ಮತ್ತು ಅವನ ಬಗ್ಗೆ ನ್ಯಾಯಾಲಯಕ್ಕೆ ವರದಿ ಬರೆಯಬೇಕಾದ ಮನಶ್ಶಾಸ್ತ್ರಜ್ಞೆ. ಎರಿನ್ ಡೊಹರ್ಟಿ ಆ ಪಾತ್ರದಲ್ಲಿದ್ದಾಳೆ. ಅವಳು ಅವನಿಗೆ ಬಿಸಿ ಚಾಕೊಲೇಟ್ ಪಾನೀಯ ತಂದಿದ್ದಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಹುಡುಗ ನಗುತ್ತಾನೆ, ತಮಾಷೆ ಮಾಡುತ್ತಾನೆ. ಮರುಗಳಿಗೆ ಎದ್ದು ನಿಂತು ಅವಳ ಮುಖದ ಹತ್ತಿರವೇ ಕಿರುಚುತ್ತಾನೆ. ಅವಳು ಬೆಚ್ಚಿದ್ದನ್ನು ಕಂಡು, ಹದಿಮೂರು ವರ್ಷದವನಿಗೆ ಹೆದರಿದೆಯಾ ಎಂದು ಅಣಕಿಸುತ್ತಾನೆ. ಆ ಅಣಕದಲ್ಲಿ ಅವನಿಗೆ ಸಿಗುವ ಸುಖವನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ. ಈ ಸುಖವನ್ನು ಅವನಿಗೆ ಯಾರು ಕಲಿಸಿದರು?

ಅಲ್ಲೇ ನಿಜ ಸಂಗತಿ ಹೊರಬರುತ್ತದೆ. ಕೇಟಿಯ ಅರೆನಗ್ನ ಚಿತ್ರವೊಂದನ್ನು ಅವಳು ನಂಬಿದ್ದ ಹುಡುಗ ಎಲ್ಲರಿಗೂ ಹಂಚಿದ್ದ. ಶಾಲೆಯ ಹುಡುಗರೆಲ್ಲ ನೋಡಿದ್ದರು, ಜೇಮಿಯೂ ನೋಡಿದ್ದ. ಅವಳು ಎಲ್ಲರ ಬಾಯಿಗೂ ಆಹಾರವಾಗಿ ಕುಗ್ಗಿದ್ದ ಆ ದಿನಗಳಲ್ಲೇ ಜೇಮಿ ಹೋಗಿ ತನ್ನ ಜೊತೆ ಜಾತ್ರೆಗೆ ಬರುತ್ತೀಯಾ ಎಂದು ಕೇಳುತ್ತಾನೆ. ಈಗ ಅವಳು ದುರ್ಬಲಳಾಗಿದ್ದಾಳೆ, ಆದ್ದರಿಂದ ಒಪ್ಪಬಹುದು ಎಂಬುದು ಅವನ ಲೆಕ್ಕಾಚಾರ. ಅವಳು ನಕ್ಕು, ತಾನು ಅಷ್ಟೊಂದು ಗತಿಗೆಟ್ಟಿಲ್ಲ ಎನ್ನುತ್ತಾಳೆ. ಆ ಮಾತಿಗೆ ಅವಳು ತೆತ್ತ ಬೆಲೆ ಜೀವ. ಆ ರಾತ್ರಿ ಅವಳ ಮೈಯನ್ನು ಮುಟ್ಟಬಹುದಿತ್ತು, ಮುಟ್ಟಲಿಲ್ಲ, ಆದ್ದರಿಂದ ತಾನು ಬೇರೆ ಹುಡುಗರಿಗಿಂತ ಒಳ್ಳೆಯವನು ಎಂದು ಅವನು ಹೇಳಿಕೊಳ್ಳುತ್ತಾನೆ. ಇಡೀ ಸರಣಿಯಲ್ಲಿ ನಮ್ಮನ್ನು ಅತಿ ಹೆಚ್ಚು ಕಾಡುವ ಮಾತು ಇದೇ. ಚಾಕುವಿನಿಂದ ಕೊಂದದ್ದು ಅವನ ಲೆಕ್ಕಕ್ಕೇ ಬಂದಿಲ್ಲ.

ಇಷ್ಟು ಸೂಕ್ಷ್ಮವಾಗಿ ಹುಡುಗನ ಒಳಗನ್ನು ತೆರೆದು ತೋರಿಸಿದ ಸರಣಿ ಹುಡುಗಿಯ ವಿಷಯದಲ್ಲಿ ಎಡವುತ್ತದೆ ಎಂಬುದು ನಮ್ಮ ಮುಖ್ಯ ತಕರಾರು. ಕೇಟಿಗೆ ಇಲ್ಲಿ ಮಾತಿಲ್ಲ. ಅವಳ ಮನೆ ನಮಗೆ ಕಾಣುವುದಿಲ್ಲ. ಜೇಮಿಯ ಹೆತ್ತವರು ಕಣ್ಣೀರು ಹಾಕುವುದನ್ನು ಇಡೀ ನಾಲ್ಕನೆಯ ಕಂತು ತೋರಿಸುತ್ತದೆ. ಕೇಟಿಯ ಹೆತ್ತವರ ಮನೆ ಬಾಗಿಲಿಗೆ ಕ್ಯಾಮೆರಾ ಹೋಗುವುದೇ ಇಲ್ಲ. ಕೊಲೆಗಾರನ ಹೆಸರು ಎಲ್ಲರಿಗೂ ನೆನಪಿರುತ್ತದೆ, ಸತ್ತವಳ ಹೆಸರು ಯಾರಿಗೂ ನೆನಪಿರುವುದಿಲ್ಲ ಎಂದು ಮಹಿಳಾ ಅಧಿಕಾರಿಯ ಬಾಯಲ್ಲಿ ಸರಣಿಯೇ ಈ ತಪ್ಪನ್ನು ಒಪ್ಪಿಕೊಳ್ಳುತ್ತದೆ. ತಪ್ಪೊಪ್ಪಿಗೆ ಒಳ್ಳೆಯದೇ. ಆದರೆ ಒಪ್ಪಿಕೊಂಡ ತಪ್ಪನ್ನೇ ಮುಂದುವರಿಸಿದರೆ ಏನೆನ್ನಬೇಕು?

ಇದು ಕೇವಲ ಪಾತ್ರಕ್ಕೆ ಸಿಗಬೇಕಾದ ಸ್ಥಳದ ಪ್ರಶ್ನೆಯಲ್ಲ. ಹುಡುಗಿಯ ಕಡೆಯ ಕತೆ ಇಲ್ಲದ ಕಾರಣ, ಎಮೋಜಿಯ ಅರ್ಥ ತಿಳಿದ ಕೂಡಲೇ ಪೊಲೀಸರ ಕಣ್ಣಲ್ಲಿ ಕೇಟಿ ‘ಪೀಡಿಸಿದವಳು’ ಆಗಿಬಿಡುತ್ತಾಳೆ. ನೋಡುಗರಲ್ಲೂ ಅನೇಕರು ‘ಪಾಪ, ಹುಡುಗನನ್ನು ಅಷ್ಟು ಕೆಣಕಬಾರದಿತ್ತು’ ಎಂದುಕೊಂಡರೆ ಆಶ್ಚರ್ಯವಿಲ್ಲ. ಅವಳ ಚಿತ್ರವನ್ನು ಹಂಚಿದ್ದು ಮೊದಲ ಅಪರಾಧ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಅಪ್ರಾಪ್ತ ವಯಸ್ಸಿನ ಹುಡುಗಿಯ ಅಂಥ ಚಿತ್ರವನ್ನು ಹಂಚುವುದು ಕಾನೂನಿನ ಪ್ರಕಾರ ಅಪರಾಧ. ಸರಣಿ ಅದನ್ನು ಒಂದು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತದೆ, ಮತ್ತೆ ಅದರ ಕಡೆ ತಿರುಗುವುದಿಲ್ಲ. ಹಂಚಿದವನು ಯಾರು, ನೋಡಿ ನಕ್ಕವರು ಎಷ್ಟು ಮಂದಿ, ಅವಳು ಯಾರ ಬಳಿಯಾದರೂ ಹೇಳಿಕೊಂಡಳೇ, ಹೇಳಿದ್ದರೆ ಯಾರಾದರೂ ಕೇಳಿದರೇ? ನಮ್ಮ ಪ್ರಕಾರ ಕೊಲೆಯ ಬೇರು ಇರುವುದು ಈ ಪ್ರಶ್ನೆಗಳಲ್ಲಿ.

‘ಯಾಕೆ ಕೊಂದ’ ಎಂದು ಕೇಳಲು ಹುಡುಗನ ಹಿಂದೆಯೇ ಹೋಗಬೇಕಲ್ಲವೇ ಎಂದು ಸರಣಿಯ ಪರವಾಗಿ ಹೇಳಬಹುದು. ಆ ವಾದದಲ್ಲಿ ಹುರುಳಿದೆ. ಕೊಂದವನನ್ನು ರಾಕ್ಷಸನನ್ನಾಗಿ ಮಾಡದೆ, ಯಾರ ಮನೆಯಲ್ಲೂ ಇರಬಹುದಾದ ಮಗುವಾಗಿ ತೋರಿಸಿದ್ದರಿಂದಲೇ ಲಕ್ಷಾಂತರ ಅಪ್ಪ ಅಮ್ಮಂದಿರು ಅಂದು ರಾತ್ರಿ ತಮ್ಮ ಮಗನ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿ ಯೋಚನೆಗೆ ಬಿದ್ದರು. ಅಷ್ಟನ್ನು ನಾವು ಒಪ್ಪುತ್ತೇವೆ. ಆದರೆ ಹುಡುಗನ ನೋವು ಮಾತ್ರ ನೋವಾಗಿ ಕಂಡು, ಹುಡುಗಿಯದು ಹಿನ್ನೆಲೆಯಾಗಿ ಉಳಿದರೆ, ಸ್ತ್ರೀದ್ವೇಷವನ್ನು ವಿಮರ್ಶಿಸಲು ಹೊರಟ ಕೃತಿಯೇ ಅದರ ಹಳೆಯ ಅಭ್ಯಾಸಕ್ಕೆ ಮರಳಿದಂತಾಗುತ್ತದೆ.

ಸರಣಿ ಬಂದ ಮೇಲೆ ನಡೆದದ್ದು ಇನ್ನೂ ಕುತೂಹಲಕರ. 2025ರ ಮಾರ್ಚ್ ಕೊನೆಯಲ್ಲಿ ಬ್ರಿಟನ್ನಿನ ಪ್ರಧಾನಿ ಕಿಯರ್ ಸ್ಟಾರ್ಮರ್ ಸರಣಿಯ ತಂಡವನ್ನು ಕರೆಸಿ ಮಾತನಾಡಿದರು. ದೇಶದ ಎಲ್ಲ ಪ್ರೌಢಶಾಲೆಗಳಿಗೂ ಅದನ್ನು ಉಚಿತವಾಗಿ ತೋರಿಸುವ ಏರ್ಪಾಡಾಯಿತು. ಉದ್ದೇಶ ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ವಿಪರ್ಯಾಸವನ್ನು ನೋಡಿ. ಪಾಠ ಮಾಡುವ ಬದಲು ವಿಡಿಯೋ ಹಾಕಿ ಕೂರಿಸುವ ಶಾಲೆ ಸೋತ ಶಾಲೆ ಎಂದು ಹೇಳಿದ ಕೃತಿಯನ್ನೇ ಶಾಲೆಗಳಲ್ಲಿ ಇನ್ನೊಂದು ವಿಡಿಯೋ ಆಗಿ ಹಾಕಲಾಯಿತು.

ಹುಡುಗಿಯರು ಏನು ಹೇಳುತ್ತಾರೆಂಬುದು ಆ ದೇಶಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 2020ರಲ್ಲಿ ಸೋಮಾ ಸಾರಾ ಎಂಬ ತರುಣಿ ‘ಎವ್ರಿವನ್ಸ್ ಇನ್ವೈಟೆಡ್’ ಎಂಬ ವೇದಿಕೆಯನ್ನು ಆರಂಭಿಸಿದಾಗ, ಶಾಲೆಗಳಲ್ಲಿ ತಮಗಾದುದನ್ನು ಸಾವಿರಾರು ಹುಡುಗಿಯರು ಹೆಸರು ಹೇಳದೆ ಬರೆದರು. ಅದರಿಂದ ಎಚ್ಚೆತ್ತ ಸರಕಾರ ಶಾಲೆಗಳ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್‌ಗೆ ಪರಿಶೀಲನೆ ನಡೆಸಲು ಹೇಳಿತು. 2021ರ ಜೂನ್‌ನಲ್ಲಿ ಬಂದ ವರದಿಗಾಗಿ 32 ಶಾಲಾ ಕಾಲೇಜುಗಳಲ್ಲಿ 900ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮಾತನಾಡಿಸಲಾಗಿತ್ತು. ಹೆಣ್ಣೆಂಬ ಕಾರಣಕ್ಕೆ ಕೀಳು ಹೆಸರಿನಿಂದ ಕರೆಯುವುದು, ಬೇಡದ ಅಶ್ಲೀಲ ಚಿತ್ರ ಕಳಿಸುವುದು ತಮ್ಮ ನಡುವೆ ‘ತುಂಬ’ ಅಥವಾ ‘ಕೆಲವೊಮ್ಮೆ’ ನಡೆಯುತ್ತದೆ ಎಂದು ಹತ್ತರಲ್ಲಿ ಸುಮಾರು ಒಂಬತ್ತು ಹುಡುಗಿಯರು ಹೇಳಿದರು. ಇವನ್ನು ಅವರು ದೂರುತ್ತಿರಲಿಲ್ಲ. ದಿನವೂ ನಡೆಯುವುದನ್ನು ಏನೆಂದು ದೂರುವುದು ಎಂಬ ಭಾವನೆ. ಶಿಕ್ಷಕರಿಗೋ ಇದರ ಅಗಾಧತೆಯ ಅಂದಾಜೇ ಇರಲಿಲ್ಲ.

ಅಂದರೆ ಹುಡುಗಿಯರು ನಾಲ್ಕು ವರ್ಷ ಮೊದಲೇ ಹೇಳಿದ್ದರು. ದೇಶ ಬೆಚ್ಚಿಬಿದ್ದದ್ದು ಒಬ್ಬ ಹುಡುಗನ ಕಾಲ್ಪನಿಕ ಕತೆಯನ್ನು ನೋಡಿದ ಮೇಲೆ. 2025ರ ಜುಲೈಯಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಲೈಂಗಿಕ ಶಿಕ್ಷಣದ ಹೊಸ ಮಾರ್ಗಸೂಚಿ ಪ್ರಕಟಿಸಿ, ಇನ್ಸೆಲ್ ಸಂಸ್ಕೃತಿ, ನಕಲಿ ಅಶ್ಲೀಲ ಚಿತ್ರಗಳ ಹಾವಳಿ ಇವನ್ನೆಲ್ಲ ಪಾಠದೊಳಗೆ ತಂದಿತು. ಹುಡುಗರನ್ನೆಲ್ಲ ಅಪರಾಧಿಗಳಂತೆ ಕಾಣಬಾರದು ಎಂಬ ಎಚ್ಚರವೂ ಅದರಲ್ಲಿದೆ. ಜಾರಿಯ ಗಡುವು 2026ರ ಸೆಪ್ಟೆಂಬರ್. ಇದು ಸರಿಯಾದ ದಿಕ್ಕು. ಆಸ್ಟ್ರೇಲಿಯಾ ಇನ್ನೊಂದು ದಾರಿ ಹಿಡಿದು 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿತು. ಮೊಬೈಲು ಬೆಂಕಿಗೆ ಸುರಿದ ಎಣ್ಣೆ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕಿಡಿ ಎಲ್ಲಿಯದು?

ಈ ಪ್ರಶ್ನೆ ಕೇಳಿದ ಮೇಲೆ ನಮ್ಮ ಮನೆಯತ್ತ ತಿರುಗದೆ ವಿಧಿಯಿಲ್ಲ. ಸರಣಿಯಲ್ಲಿ ಆಂಡ್ರ್ಯೂ ಟೇಟ್‌ನ ಹೆಸರು ಬರುತ್ತದೆ. ಹೆಣ್ಣು ಗಂಡಿನ ಸೊತ್ತು ಎಂಬ ಅರ್ಥದ ಮಾತುಗಳನ್ನು ಮಾರಿಯೇ ಖ್ಯಾತಿ ಗಳಿಸಿದವನು ಈತ. ಮಾನವ ಕಳ್ಳಸಾಗಣೆ, ಅತ್ಯಾಚಾರದಂಥ ಗಂಭೀರ ಆರೋಪಗಳು ಆತನ ಮೇಲಿವೆ, ಅವನ್ನು ಆತ ಅಲ್ಲಗಳೆಯುತ್ತಾನೆ. 2022ರ ಅಕ್ಟೋಬರ್‌ನಲ್ಲಿ ಆತ ತಾನು ಇಸ್ಲಾಮ್ ಸ್ವೀಕರಿಸಿದ್ದೇನೆ ಎಂದು ಪ್ರಕಟಿಸಿದಾಗ ನಮ್ಮ ಸಮುದಾಯದ ಅನೇಕ ಯುವಕರು ಸಂಭ್ರಮಪಟ್ಟರು. ಆತನ ಮಾತಿನ ತುಣುಕುಗಳಿಗೆ ಧರ್ಮದ ಬಣ್ಣ ಹಚ್ಚಿ ಹಂಚಿದರು. ಮನೆಯೊಳಗೆ ಹೆಂಡತಿ ಮಕ್ಕಳಿಗೆ ಕೆಲಸದಲ್ಲಿ ಕೈಜೋಡಿಸುತ್ತಿದ್ದ ಪ್ರವಾದಿಯ ನಡೆಯನ್ನು ಮದ್ರಸದಲ್ಲಿ ಕಲಿತ ಮಕ್ಕಳಿಗೇ ಈತ ಗಂಡಸುತನದ ಮಾದರಿಯಾಗಿ ಕಂಡದ್ದು ಹೇಗೆ? ಬೇರೆಯವರ ಸ್ತ್ರೀದ್ವೇಷವನ್ನು ಎತ್ತಿ ತೋರಿಸುವ ಮೊದಲು ನಾವು ಈ ಪ್ರಶ್ನೆಗೆ ಉತ್ತರಿಸಬೇಕಾಗಿದೆ.

ಏಕೆಂದರೆ ಆ ದ್ವೇಷದ ಕಹಿಯನ್ನು ನಮ್ಮ ಹೆಣ್ಣುಮಕ್ಕಳೂ ಉಂಡಿದ್ದಾರೆ. 2021ರ ಜುಲೈಯಲ್ಲಿ ಒಮ್ಮೆ, 2022ರ ಹೊಸ ವರ್ಷದ ದಿನ ಇನ್ನೊಮ್ಮೆ, ಹೆಸರಾಂತ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಅಂತರ್ಜಾಲದಲ್ಲಿ ‘ಹರಾಜಿಗೆ’ ಇಡಲಾಯಿತು. ಎರಡನೆಯ ಪ್ರಕರಣದಲ್ಲಿ ಮೊದಲಿಗೆ ಬಂಧಿತರಾದವರು 18ರಿಂದ 21ರ ಆಸುಪಾಸಿನವರು. ಅವರಲ್ಲೊಬ್ಬ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು. ಒಬ್ಬಳು ಹುಡುಗಿಯೂ ಇದ್ದಳು. ಆರೋಪ ಸಾಬೀತಾಗುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಮ್ಮನ್ನು ಕಾಡಿದ್ದು ಅವರ ವಯಸ್ಸು. ನಿನ್ನೆ ಮೊನ್ನೆಯವರೆಗೆ ಶಾಲೆಯಲ್ಲಿದ್ದವರು. ಕೋಮುದ್ವೇಷವನ್ನು ಅವರು ಎಲ್ಲಿ ಕಲಿತರು ಎಂಬ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು. ಆ ದ್ವೇಷಕ್ಕೆ ಹೆಣ್ಣನ್ನು ಹರಾಜು ಹಾಕುವ ರೂಪವೇ ಏಕೆ ಬಂತು ಎಂಬುದು ಚರ್ಚೆಯಾಗಲಿಲ್ಲ. ಅದಕ್ಕೂ ಮೊದಲು, 2020ರ ಮೇ ತಿಂಗಳಲ್ಲಿ, ದೆಹಲಿಯ ಶಾಲಾ ಹುಡುಗರು ಇನ್‌ಸ್ಟಾಗ್ರಾಂನಲ್ಲಿ ಗುಂಪು ಕಟ್ಟಿಕೊಂಡು ಸಹಪಾಠಿ ಹುಡುಗಿಯರ ಚಿತ್ರಗಳನ್ನು ಹಂಚಿ ಹೀನಾಯವಾಗಿ ಮಾತಾಡಿಕೊಂಡದ್ದು ಬಯಲಾಗಿತ್ತು. ಅಲ್ಲಿ ಕೋಮು ಇರಲಿಲ್ಲ, ಬಡತನ ಇರಲಿಲ್ಲ. ಸಾಮಾನ್ಯವಾಗಿದ್ದುದು ಒಂದೇ, ಹೆಣ್ಣಿನ ಮೇಲಿನ ತಿರಸ್ಕಾರ.

ನಮ್ಮ ವ್ಯವಸ್ಥೆ ಇದಕ್ಕೆ ಕೊಟ್ಟ ಉತ್ತರವನ್ನೂ ನೋಡೋಣ. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಎದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಕ್ಕಳು ಕೆಡುತ್ತಾರೆ ಎಂಬುದು ಕಾರಣ. 2012ರ ದೆಹಲಿ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ಕಾನೂನಿನ ಜೊತೆಗೆ ಶಾಲಾ ಶಿಕ್ಷಣವೂ ಬದಲಾಗಬೇಕೆಂದು ಹೇಳಿತ್ತು. ಆ ಪ್ರಕರಣದ ಅಪರಾಧಿಗಳಲ್ಲಿ ಒಬ್ಬ ಬಾಲಕನಿದ್ದ ಎಂಬ ಕಾರಣಕ್ಕೆ 2015ರಲ್ಲಿ ಬಾಲನ್ಯಾಯ ಕಾಯ್ದೆ ಬದಲಾಯಿತು. ಘೋರ ಅಪರಾಧಗಳಲ್ಲಿ 16 ದಾಟಿದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿಯಾಯಿತು. ಶಿಕ್ಷೆಯ ಭಾಗ ಬೇಗ ಬಂತು, ಶಿಕ್ಷಣದ ಭಾಗ ಇನ್ನೂ ದಾರಿಯಲ್ಲಿದೆ.

ಈ ನಡುವೆ ನಾವು ಹಿರಿಯರು ಮಾತ್ರ ಪಾಠ ಮಾಡುತ್ತಲೇ ಇದ್ದೇವೆ. ಅಳುವ ಮಗನಿಗೆ ‘ಹೆಣ್ಣಿಗನ ಹಾಗೆ ಅಳಬೇಡ’ ಎನ್ನುತ್ತೇವೆ. ಆಟದಲ್ಲಿ ಸೋತವನಿಗೆ ‘ಬಳೆ ತೊಟ್ಟುಕೋ’ ಎನ್ನುತ್ತೇವೆ. ಅಣ್ಣನ ಎಂಜಲು ತಟ್ಟೆಯನ್ನು ತಂಗಿ ಎತ್ತುವುದನ್ನು ನೋಡಿಯೂ ನೋಡದಂತಿರುತ್ತೇವೆ. ಹುಡುಗಿಯೊಬ್ಬಳು ಬಂದು, ಬಸ್ಸಿನಲ್ಲಿ ಹುಡುಗರು ಹೀಗೆಂದರು ಎಂದರೆ, ಮೊದಲು ಕೇಳುವುದು ‘ನೀನು ಯಾಕೆ ಅತ್ತ ನೋಡಿದೆ?’ ಎಂದು. ಹೆಚ್ಚು ಹೇಳಿದರೆ ಓದು ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ ಎಂಬ ಭಯದಲ್ಲಿ ಅವಳು ಮತ್ತೆ ಬಾಯಿ ತೆರೆಯುವುದಿಲ್ಲ. ಹತ್ತು ಹನ್ನೆರಡು ವರ್ಷ ನಾವು ಹದಮಾಡಿಟ್ಟ ಈ ನೆಲದಲ್ಲಿ ಮೊಬೈಲು ಬಂದು ಬೀಜ ಬಿತ್ತುತ್ತದೆ. ಬೆಳೆ ಬಂದಾಗ ಬೀಜವನ್ನಷ್ಟೇ ಬೈಯುತ್ತೇವೆ.

‘ಅಡೊಲೆಸೆನ್ಸ್’ನ ಕೊನೆಯ ಕಂತಿನಲ್ಲಿ ಅಪ್ಪ ಒಂದು ಹಳೆಯ ಸಂಗತಿಯನ್ನು ನೆನೆಯುತ್ತಾನೆ. ಮಗನನ್ನು ಗಟ್ಟಿಗನನ್ನಾಗಿ ಮಾಡಬೇಕೆಂದು ಫುಟ್‌ಬಾಲ್ ಆಡಲು ಕರೆದೊಯ್ದಿದ್ದ. ಮಗನಿಗೆ ಆಟ ಬರಲಿಲ್ಲ, ಬೇರೆ ಅಪ್ಪಂದಿರು ನಕ್ಕರು. ಮಗ ತನ್ನ ಕಡೆ ನೋಡಿದಾಗ ನಾಚಿಕೆಯಿಂದ ಅಪ್ಪ ಮುಖ ತಿರುಗಿಸಿದ್ದ. ಚಿತ್ರ ಬರೆಯುವುದರಲ್ಲಿ ಹುಡುಗನಿಗೆ ಅಪಾರ ಆಸಕ್ತಿಯಿತ್ತು, ಅದಕ್ಕೆ ಬೆಲೆ ಸಿಗಲಿಲ್ಲ. ತನ್ನನ್ನು ಬೆಲ್ಟಿನಿಂದ ಹೊಡೆಯುತ್ತಿದ್ದ ತಂದೆಯಂತೆ ತಾನಾಗಬಾರದೆಂದು ಪಣತೊಟ್ಟು, ಆ ಪಣವನ್ನು ಉಳಿಸಿಕೊಂಡ ಒಳ್ಳೆಯ ಮನುಷ್ಯ ಈತ. ಆದರೂ ಗಂಡು ಎಂದರೆ ಹೀಗೇ ಇರಬೇಕು ಎಂಬ ಅಳತೆಗೋಲನ್ನು ಅವನು ಕೈಬಿಟ್ಟಿರಲಿಲ್ಲ. ಆ ಅಳತೆಗೆ ಸಾಲದ ಮಗ, ತನಗಿಂತ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿದ. ಹುಡುಗಿ ಇದ್ದಳು. ಸರಣಿಯ ಅತ್ಯಂತ ಆಳವಾದ ಒಳನೋಟ ಇದೇ ಎಂದು ನಾವು ತಿಳಿಯುತ್ತೇವೆ. ಎಮೋಜಿಗಳ ಅರ್ಥ ಕಲಿಯುವ ಗಡಿಬಿಡಿಯಲ್ಲಿ ಹೆಚ್ಚಿನವರು ಇದನ್ನು ಗಮನಿಸಲಿಲ್ಲ.

ಈ ಸರಣಿಯನ್ನು ನಮ್ಮ ಹಿರಿಯರು ನೋಡಬೇಕು, ಶಿಕ್ಷಕರು ನೋಡಬೇಕು. ಮಕ್ಕಳಿಗೆ ತೋರಿಸುವುದಾದರೆ, ನೋಡಿದ ಮೇಲೆ ದೀಪ ಹಾಕಿ ಮಾತಿಗೆ ಕೂರುವ ತಾಳ್ಮೆ ಇರುವವರು ಮಾತ್ರ ತೋರಿಸಬೇಕು. ಆ ಮಾತು ಹುಡುಗಿಯರಿಂದ ಆರಂಭವಾಗಬೇಕು. ತರಗತಿಯಲ್ಲಿ ಒಬ್ಬ ಹುಡುಗಿಯನ್ನು ಕೀಳಾಗಿ ಕರೆದ ಗಳಿಗೆಯಲ್ಲೇ ಪಾಠ ನಿಲ್ಲಿಸಿ, ನಗದೆ, ಬೆತ್ತ ಎತ್ತದೆ, ‘ಈಗ ಏನೆಂದೆ, ಯಾಕೆಂದೆ?’ ಎಂದು ಕೇಳುವ ಒಬ್ಬ ಮೇಷ್ಟ್ರು ನೂರು ವಿಡಿಯೋಗಳಿಗೆ ಸಮ. ದೂರು ತಂದ ಮಗಳ ಮಾತನ್ನು ಪೂರ್ತಿ ಕೇಳಿ, ಅವಳ ಓದನ್ನು ಮುಟ್ಟದೆ, ಹುಡುಗನ ಮನೆಗೆ ಹೋಗಿ ಬರುವ ಒಬ್ಬ ಅಪ್ಪ ಒಂದು ಕಾಯ್ದೆಗೆ ಸಮ. ಇದಕ್ಕೆ ಮಾರ್ಗಸೂಚಿ ಬರುವವರೆಗೆ ಕಾಯಬೇಕಾಗಿಲ್ಲ.

ಹುಡುಗಿಯರ ಬೆಂಚಿನ ಆ ಶಿಕ್ಷೆ ಈಗಲೂ ಕೆಲವೆಡೆ ನಡೆಯುತ್ತಿದೆ ಎಂದು ಶಿಕ್ಷಕ ಮಿತ್ರರು ಹೇಳುತ್ತಾರೆ. ತಮಾಷೆಗೆ ಸಾರ್, ಮಕ್ಕಳಿಗೂ ಇಷ್ಟ ಎನ್ನುತ್ತಾರೆ. ಯಾವ ಮಕ್ಕಳಿಗೆ ಇಷ್ಟ ಎಂದು ಒಮ್ಮೆ ಆ ಬೆಂಚಿನ ಹುಡುಗಿಯರನ್ನೇ ಕೇಳಿ ನೋಡಿ ಎಂದು ನಾವು ಅವರಿಗೆ ಹೇಳಿದ್ದೇವೆ. ನಮ್ಮ ಕಾಲದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆ ಅದು. ಈಗಲಾದರೂ ಯಾರಾದರೂ ಕೇಳಲಿ.